ಬಿರಡೆಯ ಮೇಲಿನ ಕೆಂಪು ಗೆರೆ

"ಇನ್ನೊಂದ್ಸಲ ಒತ್ತು," ಅಂದರು ಅತ್ತೆ.

ಪುಟ್ಟ ಹಿಡಿಯನ್ನು ಒತ್ತಿದ. ಎಂಜಿನ್ ಎತ್ತುವ ಕ್ರೇನಿನ ತೋಳು ಒಲ್ಲದ ಮನಸ್ಸಿನಿಂದ ಮೇಲೇರಿತು. ಕೊಕ್ಕೆಗೆ ನೇತುಹಾಕಿದ್ದ ಗುಜರಿ ಗೇರ್‌ಬಾಕ್ಸ್ ನೆಲ ಬಿಟ್ಟು ಮೊಣಕಾಲೆತ್ತರಕ್ಕೆ ಬಂತು. ಅತ್ತೆ ಪಕ್ಕದ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಎಳೆದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತರು.

ಗೇರ್‌ಬಾಕ್ಸ್ ನಿಲ್ಲಲಿಲ್ಲ. ಗುರುತು ದಾಟಿ ಇಳಿಯಿತು, ಇಳಿಯುತ್ತಲೇ ಹೋಯಿತು, ಕೊನೆಗೆ ದಪ್ಪೆಂದು ನೆಲಕ್ಕೆ ಕೂತಿತು.

"ನೋಡಿದ್ರಲ್ಲ ಸಾಹೇಬ್ರೆ," ಅಂತ ಇನ್ಸ್‌ಪೆಕ್ಟರಿಗೆ ಹೇಳಿದ ಬಾಮೈದ, ಬಾಗಿಲಿಗೆ ಒರಗಿಕೊಂಡೇ. "ಇದನ್ನೇ ಈ ಪುಣ್ಯಾತ್ಮ ರಿಪೇರಿ ಅಂತ ಕರೆದಿದ್ದು."

ನಿನ್ನೆ ಬೆಳಿಗ್ಗೆ ಇದೇ ಕ್ರೇನಿನಿಂದ ವ್ಯಾನಿನ ಎಂಜಿನ್ ಕುಸಿದು ಗ್ಯಾರೇಜಿನ ಯಜಮಾನರ ಎದೆಗೂಡು ಜಜ್ಜಿತ್ತು. ಅವರು ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವರ ಹೆಂಡತಿಯ ತಮ್ಮನೇ ಈ ಬಾಮೈದ. ಬಿಡಿಭಾಗದ ಕೌಂಟರ್ ನೋಡಿಕೊಳ್ಳುವವನು. ಕ್ರೇನಿನ ಎಣ್ಣೆ ಸೋರಿಕೆಯನ್ನು ಹೋದ ವಾರ ರಿಪೇರಿ ಮಾಡಿದ್ದ ಮೆಕ್ಯಾನಿಕ್ಕೇ ಪುಟ್ಟ. ಮೀಸೆ ಬಂದು ಮದುವೆಯಾದ ಮೇಲೂ ಎಲ್ಲರ ಬಾಯಲ್ಲಿ ಅವನು ಪುಟ್ಟನೇ.

ಅತ್ತೆಗಂತೂ ಅವನು ಅಣ್ಣ ಬಿಟ್ಟುಹೋದ ಒಂದೇ ಒಂದು ಜೀವ. ಸಾಕಿ, ಗದರಿ, ಕೆಲಸ ಕಲಿಯಲು ಹಚ್ಚಿ, ತಾವೇ ಹೆಣ್ಣು ಹುಡುಕಿ ಮದುವೆ ಮಾಡಿದ್ದರು. ವಿಮಾ ಕಂಪನಿಗಾಗಿ ಜೀವಮಾನವೆಲ್ಲ ಅಪಘಾತಗಳ ತನಿಖೆ ಮಾಡಿ ನಿವೃತ್ತರಾದ ಹೆಂಗಸು. ಮುರಿದ ಲಾರಿ, ಸುಟ್ಟ ಗೋದಾಮು, ಎಲ್ಲದರ ಮುಂದೆಯೂ ಅಲ್ಲಾಡದೆ ನಿಂತಿದ್ದರು. ಇವತ್ತು ಮಾತ್ರ ಎಳೆದ ಗುರುತು ಸೊಟ್ಟಗಿತ್ತು. ಅದನ್ನು ಯಾರೂ ಕಾಣದಿರಲಿ ಅಂತ ಕಂಬಕ್ಕೆ ಅಡ್ಡವಾಗಿ ನಿಂತುಕೊಂಡರು.

"ಮೇಡಂ," ಟೈರಿನ ರಾಶಿಯ ಮೇಲೆ ಕೂತಿದ್ದ ಇನ್ಸ್‌ಪೆಕ್ಟರ್ ಮೆಲ್ಲಗೆ ಅಂದರು, "ನಿಮ್ಮ ಮೇಲೆ ಗೌರವ ಇದೆ, ಅದಕ್ಕೇ ಸಂಜೆವರೆಗೆ ಬಿಟ್ಟಿದ್ದೀನಿ. ಆದ್ರೆ ಭಾರ ಕೆಳಗೆ ಬರೋಕೆ ಇರೋದು ಎರಡೇ ದಾರಿ. ಒಂದು, ಇಳಿಸೋ ತಿರುಪನ್ನ ಯಾರೋ ಬಿಚ್ಚಬೇಕು. ಅದಕ್ಕೆ ಈ ಹಿಡೀನೇ ಬೇಕು. ಹಿಡಿ ಇದ್ದದ್ದು ಪುಟ್ಟನ ಕೈಲಿ."

ಅದು ಈ ಗ್ಯಾರೇಜಿನ ಕಟ್ಟಳೆ. ಭಾರ ಎತ್ತಿದವನು ಹಿಡಿಯನ್ನು ಕಳಚಿ ತನ್ನ ಕೈಯಲ್ಲೇ ಇಟ್ಟುಕೊಳ್ಳಬೇಕು. ಎಂಜಿನ್ ತನ್ನ ಜಾಗದಲ್ಲಿ ಕೂರುವ ತನಕ, ಊಟಕ್ಕೆ ಹೋದರೂ ಜೊತೆಗೆ ಒಯ್ಯಬೇಕು. ಯಾರನ್ನೋ ಕಾಪಾಡಲೆಂದು ಮಾಡಿದ ಕಟ್ಟಳೆ ಈಗ ಪುಟ್ಟನ ಕುತ್ತಿಗೆಗೇ ಬಂದಿತ್ತು.

"ಇನ್ನೊಂದು, ಒಳಗಿನ ಸೀಲ್ ಹಾಳಾಗಬೇಕು. ಆ ಸೀಲ್ ಹಾಕಿದ್ದೂ ಪುಟ್ಟನೇ. ಅಂದ್ರೆ ಒಂದೋ ಬೇಕಂತ ಮಾಡಿದ್ದಾನೆ, ಇಲ್ಲಾ ಬೇಜವಾಬ್ದಾರಿ. ಅದರ ಮೇಲೆ, ಎಂಜಿನ್ ನೇತಾಡ್ತಿರೋ ಹೊತ್ತಿಗೇ ಸರಿಯಾಗಿ ಹೊರಗೆ ಹೋಗಿದ್ದಾನೆ. ಏನಪ್ಪಾ, ಅಂಥ ಘನಂದಾರಿ ಕೆಲಸ ಏನಿತ್ತು?"

"ಅತ್ತೆ ಫೋನ್ ಮಾಡಿದ್ರು ಸಾರ್," ಅಂದ ಪುಟ್ಟ. "ಅಡುಗೆಮನೆ ನಲ್ಲಿ ಸೋರ್ತಿದೆ ಅಂತ."

ಇನ್ಸ್‌ಪೆಕ್ಟರ್ ಅತ್ತೆಯ ಕಡೆ ತಿರುಗಿದರು.

"ಸೋರ್ತಿತ್ತು," ಅಂದರು ಅತ್ತೆ. "ಇವತ್ತೂ ಸೋರ್ತಿದೆ. ಬೇಕಿದ್ರೆ ಬಂದು ನೋಡಿ, ಬರುವಾಗ ಒಂದು ವಾಷರ್ ತನ್ನಿ."

ಅತ್ತ ದರಿ, ಇತ್ತ ಪುಲಿ. ಯಾವ ಕಡೆ ಹೋದರೂ ಪುಟ್ಟನನ್ನೇ ನುಂಗುವ ಬಾಯಿ. ಅತ್ತೆ ಹಳೇ ಬಟ್ಟೆಯೊಂದನ್ನು ಅವನ ಕೈಗೆ ತುರುಕಿದರು. "ಒರೆಸು. ಜಾಕನ್ನ ಪೂರ್ತಿ ಒಣಗಿಸು. ಒದ್ದೆ ಮೈಯಲ್ಲಿ ತೂತು ಹುಡುಕೋಕೆ ಆಗಲ್ಲ."

ಕ್ರೇನಿನ ತೋಳಿಗೆ ಆನಿಸಿ ನಿಲ್ಲಿಸಿದ ಉದ್ದನೆಯ ಜಾಕ್ ಅದು. ಹಿಡಿ ಒತ್ತಿದಾಗ ಒಳಗಿನ ಎಣ್ಣೆ ಒಂದು ಹೊಳೆಯುವ ಕಂಬಿಯನ್ನು ಮೇಲಕ್ಕೆ ನೂಕುತ್ತದೆ, ಆ ಕಂಬಿ ತೋಳನ್ನು ಎತ್ತುತ್ತದೆ. ಎಣ್ಣೆ ಹಿಂದಕ್ಕೆ ನುಸುಳದಂತೆ ತಡೆಯುವುದು ರಬ್ಬರಿನ ಒಂದು ಬಳೆ, ಅದೇ ಸೀಲ್. ಪುಟ್ಟ ಬುಡದಿಂದ ತುದಿಯವರೆಗೆ ಒರೆಸಿ ಮತ್ತೆ ಒತ್ತಿದ. ಅತ್ತೆ ಬಗ್ಗಿ, ಇಳಿಸುವ ತಿರುಪಿನ ಸುತ್ತ ಬಿಳೀ ಕಾಗದ ಒತ್ತಿ ತೆಗೆದರು. ಕಾಗದ ಒಣಗಿಯೇ ಇತ್ತು. ಕಂಬಿ ಹೊರಬರುವ ಬಾಯಿಗೆ ಇನ್ನೊಂದು ಕಾಗದ ಹಿಡಿದರು. ಅದು ನೋಡುತ್ತಿದ್ದಂತೆ ನೆನೆದು ಬೆರಳಿಗೆ ಅಂಟಿಕೊಂಡಿತು.

"ತಿರುಪು ಗಟ್ಟಿಯಾಗಿದೆ. ಸೀಲೇ ಹೋಗಿದೆ," ಅಂದರು. ಒಂದು ದಾರಿ ಮುಚ್ಚಿತು. ಉಳಿದ ದಾರಿ ಇನ್ನೂ ಕೆಟ್ಟದ್ದು.

ಪುಟ್ಟನ ಮುಖ ಬಿಳಿಚಿಕೊಂಡಿತು. "ನಾನು ಸರಿಯಾಗೇ ಹಾಕಿದ್ದೆ ಅತ್ತೆ. ನಿಮ್ಮಾಣೆ."

"ಆಣೆ ಕೋರ್ಟಲ್ಲಿ ಇಡೋಣ. ಈಗ ಬಿಚ್ಚು."

ಬಿಚ್ಚುವ ಮುಂಚೆ ಅತ್ತೆ ಇನ್ಸ್‌ಪೆಕ್ಟರನ್ನು ಹತ್ತಿರ ಕರೆದರು. ಜಾಕಿನ ಪಕ್ಕದಲ್ಲಿ ಎಣ್ಣೆ ತುಂಬುವ ಬಾಯಿ, ಅದಕ್ಕೊಂದು ತಿರುಪಿನ ಬಿರಡೆ. ಬಿರಡೆಯ ತಲೆಯಿಂದ ಜಾಕಿನ ಮೈವರೆಗೆ ಕೆಂಪಗೆ ಒಂದು ಗೆರೆ ಎಳೆದಿತ್ತು. ಮುಗಿಸಿದ ಪ್ರತಿ ಕೆಲಸಕ್ಕೂ ಪುಟ್ಟ ಹೀಗೆ ಉಗುರುಬಣ್ಣದ ಗೆರೆ ಎಳೆಯುತ್ತಿದ್ದ. ಯಾರಾದರೂ ಆಮೇಲೆ ತಿರುಪು ಮುಟ್ಟಿದರೆ ಗೆರೆ ಮುರಿದು ಗೊತ್ತಾಗುತ್ತದೆ. ಅತ್ತೆಯ ಕಪಾಟಿನಲ್ಲಿ ಬಿದ್ದಿದ್ದ ಹಳೇ ಶೀಸೆಯೇ ಅವನ ಬಂಡವಾಳ. ಗ್ಯಾರೇಜಿನಲ್ಲಿ ಎಲ್ಲರೂ ಕ್ರೇನಿಗೆ ಮದುಮಗಳು ಅಂತ ಹೆಸರಿಟ್ಟು ಅವನ ಕಾಲೆಳೆಯುತ್ತಿದ್ದರು.

"ನೋಡ್ಕೊಳ್ಳಿ. ಗೆರೆ ಎಲ್ಲೂ ಮುರಿದಿಲ್ಲ," ಅಂದರು ಅತ್ತೆ. ಕಂಡದ್ದನ್ನು ಕಂಡ ಹಾಗೆ ಹೇಳುವುದು ಅವರ ವೃತ್ತಿಯ ಚಟ. ಆ ಚಟಕ್ಕೆ ಆಮೇಲೆ ತಾವೇ ಶಾಪ ಹಾಕಿಕೊಳ್ಳಬೇಕಾಗುತ್ತದೆ ಎಂದು ಆಗ ತಿಳಿದಿರಲಿಲ್ಲ.

ಪುಟ್ಟ ಬಿರಡೆ ತಿರುಗಿಸಿದ. ಗೆರೆ ಚಟ್ಟನೆ ಎರಡಾಯಿತು. ಬಿರಡೆಯನ್ನು ಚಹಾದ ಸಾಸರಿನಲ್ಲಿಟ್ಟು, ಎಣ್ಣೆಯನ್ನು ಬೋಗುಣಿಗೆ ಬಸಿದು, ಕಂಬಿಯನ್ನು ಎಳೆದು ತೆಗೆದ. ಅದರ ಬುಡದಲ್ಲಿದ್ದ ಸೀಲನ್ನು ಬೆರಳಲ್ಲಿ ಎತ್ತಿದವನು ಹಾಗೇ ನಿಂತುಬಿಟ್ಟ.

ನೀರಲ್ಲಿ ನೆನೆದ ಕಡಲೆಯಂತೆ ಊದಿಕೊಂಡಿತ್ತು ಅದು. ಮೆತ್ತಗೆ, ಜಿಗುಟಾಗಿ. ಒಂದು ಕಡೆ ಅಂಚು ಹರಿದು ಜೋತಾಡುತ್ತಿತ್ತು.

"ಹಳೇದೆಲ್ಲಿ?" ಕೇಳಿದರು ಅತ್ತೆ.

ಪುಟ್ಟ ಗೋಡೆಯ ಕಡೆ ತೋರಿಸಿದ. ಬಿಚ್ಚಿದ ಹಳೇ ಸಾಮಾನನ್ನು ಕೆಲಸ ಸರಿಹೋಗಿದೆ ಅಂತ ಖಾತ್ರಿಯಾಗುವ ತನಕ ಮೊಳೆಗೆ ನೇತುಹಾಕುವವನು ಅವನು. ಅಲ್ಲಿದ್ದ ಹಳೇ ಸೀಲ್ ಒಣಗಿ, ಕಲ್ಲಾಗಿ, ಬಿರುಕುಬಿಟ್ಟಿತ್ತು. ಮುಪ್ಪಿನಿಂದ ಸತ್ತದ್ದು ಅದು. ವಾರದ ಕೂಸು ಮಾತ್ರ ಊದಿ ಸತ್ತಿತ್ತು.

ಅತ್ತೆ ಒಂದು ಗಾಜಿನ ಲೋಟಕ್ಕೆ ನೀರು ತರಿಸಿದರು. ಕಪಾಟಿನಿಂದ ಜಾಕಿಗೆ ಹಾಕುವ ಹೈಡ್ರಾಲಿಕ್ ಎಣ್ಣೆಯ ಡಬ್ಬ ತೆಗೆಸಿ ಅದರ ಒಂದು ತೊಟ್ಟು ಬಿಟ್ಟರು. ತೊಟ್ಟು ನೀರಿನ ಮೇಲೆ ತಟ್ಟೆಯಾಗಿ ತೇಲಿತು. ಲೋಟ ಬದಲಿಸಿ, ಬೋಗುಣಿಯಿಂದ ಒಂದು ತೊಟ್ಟು ಬಿಟ್ಟರು. ಸ್ವಲ್ಪ ಮಾತ್ರ ತೇಲಿತು. ಉಳಿದದ್ದು ಹೊಗೆಯ ಎಳೆಯ ಹಾಗೆ ನೀರಿನೊಳಗೆ ಇಳಿದು ಕರಗಿಹೋಯಿತು.

"ಬ್ರೇಕ್ ಆಯಿಲ್ ಬೆರೆತಿದೆ," ಅಂದ ಪುಟ್ಟ. "ಇದಕ್ಕೆ ಅದು ವಿಷ ಸಾರ್. ಸೀಲ್ ಊದಿಸುತ್ತೆ, ಮೆತ್ತಗೆ ಮಾಡುತ್ತೆ. ಸಣ್ಣ ಭಾರಕ್ಕೆ ಗೊತ್ತಾಗಲ್ಲ. ದೊಡ್ಡ ಎಂಜಿನ್ ನೇತಾಕಿದಾಗ ಅಂಚು ಹರಿದು ಒಮ್ಮೆಲೇ ಕೂತುಬಿಡುತ್ತೆ. ನಾನ್ಯಾಕೆ ಅದನ್ನ ಹಾಕ್ಲಿ?"

ಅತ್ತೆ ಬಾಮೈದನ ಕಡೆ ನಡೆದರು. ಅವನು ಇವರಿಗಿಂತ ಒಂದು ಗೇಣು ಎತ್ತರ. ಅತ್ತೆ ತಲೆಯೆತ್ತಿ ನೋಡಿದರೂ ತಗ್ಗಿ ಮಾತಾಡುವವರಲ್ಲ.

"ಬ್ರೇಕ್ ಆಯಿಲ್ ಇರೋದು ನಿನ್ನ ಕಪಾಟಲ್ಲಿ."

"ಗ್ಯಾರೇಜಲ್ಲಿ ಬ್ರೇಕ್ ಆಯಿಲ್ ಇರದೆ ಪನ್ನೀರು ಇರುತ್ತಾ?"

"ಕೀ ನಿನ್ನ ಜೇಬಲ್ಲಿ."

"ಆ ಬೀಗ ನೆಪಕ್ಕೆ ಅಮ್ಮ. ಎಳೆದ್ರೆ ಬಾಗಿಲು ಬರುತ್ತೆ. ನಿಮ್ಮ ಪುಟ್ಟನೇ ದಿನಾ ಎಳೀತಾನೆ, ಕೇಳಿ."

"ಭಾವ ಹಾಸಿಗೆ ಹಿಡಿದ್ರೆ ಗ್ಯಾರೇಜು ಯಾರ ಕೈಗೆ?"

ಬಾಮೈದನ ದವಡೆ ಬಿಗಿಯಿತು. "ನನ್ನ ಅಕ್ಕ ನಿನ್ನೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ. ಅವಳ ಗಂಡನ್ನ ನಾನು ಸಾಯಿಸ್ತೀನಾ? ಏನು ಮಾತು ಅಂತ ಆಡ್ತೀರಾ?" ದನಿ ಏರಿಸಿದವನು ಒಮ್ಮೆಗೇ ತಣ್ಣಗಾದ. "ಸರಿ, ನಾನೇ ಹಾಕಿದೆ ಅನ್ಕೊಳ್ಳಿ. ಹೇಗೆ ಹಾಕ್ಲಿ? ಬಿರಡೆ ತೆಗೀಬೇಕು ತಾನೆ? ಗೆರೆ ಮುರಿದಿಲ್ಲ ಅಂತ ಈಗ್ತಾನೆ ಸಾಹೇಬ್ರಿಗೆ ತೋರಿಸಿದವರು ಯಾರು?"

ಅತ್ತೆ ಸಾಸರಿನಲ್ಲಿದ್ದ ಬಿರಡೆಯ ಕಡೆ ತಿರುಗಿದರು.

"ನಿಮ್ಮ ಪುಟ್ಟ ಮುಚ್ಚಿದ ಮೇಲೆ ಅದನ್ನ ಯಾರೂ ತೆಗೆದಿಲ್ಲ. ಒಳಗೆ ಏನಿದೆಯೋ ಅದು ಅವನು ಸುರಿದದ್ದೇ. ನಾನು ಹೇಳ್ತಿಲ್ಲ, ನಿಮ್ಮ ಮನೆ ಉಗುರುಬಣ್ಣ ಹೇಳ್ತಿದೆ."

ಇನ್ಸ್‌ಪೆಕ್ಟರ್ ಎದ್ದು ಪ್ಯಾಂಟಿನ ಧೂಳು ಕೊಡವಿದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ, ಸಂಶಯವೂ ಇರಲಿಲ್ಲ. ಪುಟ್ಟ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯನ್ನೇ ನೋಡುತ್ತಿದ್ದ. ಚಿಕ್ಕವನಿದ್ದಾಗ ಕಿಟಕಿ ಗಾಜು ಒಡೆದು ಬಂದ ದಿನವೂ ಹೀಗೇ ನೋಡಿದ್ದ. ಅತ್ತೆ ಏನಾದರೂ ಮಾಡುತ್ತಾರೆ ಅನ್ನುವ ನೋಟ ಅದು. ಅತ್ತೆ ಇನ್ಸ್‌ಪೆಕ್ಟರಿಗೆ ಅಡ್ಡ ಬಂದು ನಿಂತರು.

"ಸಂಜೆವರೆಗೆ ಅಂದಿದ್ರಿ," ಅಂದರು. "ಇನ್ನೂ ಬೆಳಕಿದೆ. ಹೊಸ ಸೀಲ್ ಹಾಕಲಿ. ಇವನ ಕೈಕೆಲಸ ನಿಲ್ಲುತ್ತೋ ಬೀಳುತ್ತೋ ನಿಮ್ಮ ಕಣ್ಣಾರೆ ನೋಡಿ. ಆಮೇಲೆ ನಿಮ್ಮಿಷ್ಟ."

ಪುಟ್ಟ ಕೆಲಸಕ್ಕೆ ಕೂತ. ಜಾಕಿನ ಒಳಮೈಯನ್ನು ಒಳ್ಳೆಯ ಎಣ್ಣೆಯಲ್ಲಿ ತೊಳೆದು ಚೆಲ್ಲಿದ, ಮತ್ತೆ ತೊಳೆದ. ಹೊಸ ಸೀಲಿಗೆ ಎಣ್ಣೆ ಸವರಿ, ಅದರ ಅಂಚು ಮಡಚದಂತೆ ಹೆಬ್ಬೆರಳಲ್ಲಿ ಒತ್ತುತ್ತ ಸುತ್ತಲೂ ಕೂರಿಸಿದ. ಎಣ್ಣೆ ತುಂಬಿ, ಇಳಿಸುವ ತಿರುಪನ್ನು ಸಡಿಲ ಬಿಟ್ಟು, ಒಳಗೆ ಸಿಕ್ಕಿಕೊಂಡ ಗಾಳಿ ಹೋಗಲೆಂದು ಹಿಡಿಯನ್ನು ನಿಧಾನಕ್ಕೆ ಒತ್ತುತ್ತ ಹೋದ. ಎಣ್ಣೆ ತುಂಬುವ ಬಾಯಿಂದ ಗುಳ್ಳೆಗಳು ಬಂದವು, ಆಮೇಲೆ ನಿಂತವು.

ಅತ್ತೆ ಅಷ್ಟರಲ್ಲಿ ಸಾಸರನ್ನು ಎತ್ತಿಕೊಂಡು ಕಿಟಕಿಗೆ ಹೋಗಿದ್ದರು. ಜಾಕಿನ ಬಾಯಿಗೆ ಇನ್ನೊಂದು ಬಿರಡೆ ಹಾಕಿಕೊಳ್ಳಲು ಪುಟ್ಟನಿಗೆ ಹೇಳಿದ್ದರು. ಚೀಲದಿಂದ ತಮ್ಮ ಹಳೇ ಭೂತಗನ್ನಡಿ ತೆಗೆದು, ಬಿರಡೆಯ ತಲೆಯನ್ನು ಬೆಳಕಿಗೆ ಹಿಡಿದರು.

ಕೆಂಪು ಗೆರೆ ಭೂತಗನ್ನಡಿಯ ಕೆಳಗೆ ರಸ್ತೆಯಷ್ಟು ಅಗಲವಾಯಿತು. ಅದರ ಒಂದು ಅಂಚಿನಲ್ಲಿ ಇನ್ನೊಂದು ಅಂಚು ಇಣುಕುತ್ತಿತ್ತು. ಅತ್ತೆ ಉಸಿರು ಬಿಗಿಹಿಡಿದು ಸೂಜಿಯ ಮೊನೆಯಿಂದ ಮೇಲಿನ ಪದರವನ್ನು ಚೂರೇ ಚೂರು ಎಬ್ಬಿಸಿದರು. ಕೆಳಗೆ ಇನ್ನೊಂದು ಗೆರೆ, ಅಂಚಿನಲ್ಲಿ ಮೊದಲೇ ಮುರಿದದ್ದು, ಮುರುಕಿನೊಳಗೂ ಮೇಲಿನ ಬಣ್ಣ ಇಳಿದಿತ್ತು. ಮುರಿದ ಹಳೇ ಗೆರೆಯ ಮೇಲೆ ಯಾರೋ ಹೊಸದಾಗಿ ಬಣ್ಣ ಎಳೆದು ಮುಚ್ಚಿದ್ದರು.

ಬಿರಡೆ ಒಮ್ಮೆ ತೆರೆದದ್ದೇ. ಪುಟ್ಟ ಮುಚ್ಚಿದ ಮೇಲೆ ಯಾರೋ ತೆರೆದಿದ್ದರು.

ಅತ್ತೆಯ ಎದೆ ಹಗುರವಾಗಿ ಕಣ್ಣಲ್ಲಿ ನೀರು ತುಂಬಿತು. "ಸಾಹೇಬ್ರೆ" ಅಂತ ಕೂಗಲು ಬಾಯಿ ತೆರೆದೇಬಿಟ್ಟಿದ್ದರು. ಅಷ್ಟರಲ್ಲಿ ಬಿಸಿಲು ಸರಿದು ಬಿರಡೆಯ ಮೇಲೆ ಬಿತ್ತು, ಮೇಲಿನ ಪದರದ ಕೆಂಪಿನೊಳಗೆ ಸಣ್ಣ ಸಣ್ಣ ಬೆಳ್ಳಿ ಚುಕ್ಕೆಗಳು ಮಿನುಗಿದವು.

ಕೂಗುವುದನ್ನು ಬಿಟ್ಟು ಅತ್ತೆ ಮತ್ತೆ ಭೂತಗನ್ನಡಿ ಹಿಡಿದರು.

ಪುಟ್ಟನ ಶೀಸೆಯಲ್ಲಿ ಮಿನುಗು ಇರಲಿಲ್ಲ. ಅದು ಬರಿಯ ಕೆಂಪು, ಅತ್ತೆಯ ಕಾಲದ್ದು. ಬೆಳ್ಳಿಪುಡಿ ಬೆರೆತ ಈ ಕೆಂಪನ್ನು ಅತ್ತೆ ಹೋದ ತಿಂಗಳು ಬೇರೆ ಊರಿಗೆ ಹೋದಾಗ, ಅಂಗಡಿಯವನಿಗೆ ತಲೆನೋವು ಬರುವಷ್ಟು ಶೀಸೆಗಳನ್ನು ತೆಗೆಸಿ ಆರಿಸಿ ತಂದಿದ್ದರು. ತಂದದ್ದು ಒಂದೇ ಒಂದು. ಕೊಟ್ಟದ್ದು ಪುಟ್ಟನ ಹೆಂಡತಿಗೆ, ಅವಳ ಹುಟ್ಟಿದ ದಿನಕ್ಕೆ.

ಸೊಸೆ ದಿನಾ ಮಧ್ಯಾಹ್ನ ಊಟದ ಡಬ್ಬಿ ತರುತ್ತಾಳೆ. ಗಂಡಸರೆಲ್ಲ ಹಿತ್ತಲಲ್ಲಿ ಕೈಯ ಗ್ರೀಸು ಉಜ್ಜಿ ತೊಳೆಯುವ ತನಕ ಒಬ್ಬಳೇ ಇಲ್ಲಿ ಕೂತಿರುತ್ತಾಳೆ, ಕ್ರೇನಿನ ಪಕ್ಕದ ಬೆಂಚಿನಲ್ಲೇ. ಎಳೆದರೆ ಬರುವ ಕಪಾಟಿನ ಬಾಗಿಲು ಅಲ್ಲಿಂದ ಎರಡು ಮಾರು.

ಇರಲಾರದು, ಶೀಸೆಯನ್ನು ಬೇರೆ ಯಾರೋ ಕದ್ದಿರಬಹುದು ಅಂದುಕೊಂಡರು ಅತ್ತೆ. ಅಂದುಕೊಳ್ಳುತ್ತಿರುವಾಗಲೇ ಇನ್ನೊಂದು ಯೋಚನೆ ಬಂತು. ನೇತಾಡುವ ಎಂಜಿನ್ನಿನ ಕೆಳಗೆ ತಲೆ ತೂರಿಸಿ ಬೋಲ್ಟು ಕೂರಿಸುವವನು ಯಾವಾಗಲೂ ಪುಟ್ಟ. ಯಜಮಾನರು ಬಗ್ಗಿದ್ದು ನಿನ್ನೆ ಮಾತ್ರ, ಅದೂ ಪುಟ್ಟ ಫೋನ್ ಹಿಡಿದು ಹೊರಗೆ ಹೋಗಿದ್ದರಿಂದ. ಆ ಹಾಳು ನಲ್ಲಿ ಸೋರದಿದ್ದರೆ ಆಸ್ಪತ್ರೆಯಲ್ಲಿ ಇವತ್ತು ಮಲಗಿರುತ್ತಿದ್ದವನು ಅವನೇ.

ಎಂಜಿನ್ ಬಿದ್ದದ್ದು ಯಜಮಾನರ ಮೇಲೆ, ಆದರೆ ಬೀಳಿಸಿದವರಿಗೆ ಬೇಕಿದ್ದದ್ದು ಪುಟ್ಟ. ಯಾಕೆ ಅನ್ನುವುದು ಮಾತ್ರ ಅತ್ತೆಗೆ ಹೊಳೆಯಲಿಲ್ಲ.

"ಅತ್ತೆ, ನೋಡಿ," ಅಂತ ಪುಟ್ಟ ಕರೆದ.

ಗೇರ್‌ಬಾಕ್ಸ್ ಸೀಮೆಸುಣ್ಣದ ಗುರುತಿನ ಮಟ್ಟಕ್ಕೆ ನೇತಾಡುತ್ತಿತ್ತು. ಎಲ್ಲರೂ ಕಾದರು. ಇನ್ಸ್‌ಪೆಕ್ಟರ್ ಒಂದು ಲೋಟ ಚಹಾ ಕುಡಿದು ಮುಗಿಸಿದರು. ಕೂದಲೆಳೆಯಷ್ಟೂ ಇಳಿಯಲಿಲ್ಲ. ಬಾಮೈದ ಹತ್ತಿರ ಬಂದು ಗುರುತಿಗೆ ಕಣ್ಣಿಟ್ಟು ನೋಡಿ ಹಿಂದೆ ಸರಿದ.

"ಕೆಲಸ ಬಲ್ಲವನೇ," ಅಂದರು ಇನ್ಸ್‌ಪೆಕ್ಟರ್. "ಇಷ್ಟು ಚೆನ್ನಾಗಿ ಸೀಲ್ ಹಾಕೋನು ಯಾವ ಎಣ್ಣೆ ಹಾಕ್ಬೇಕು ಅಂತ ಮರೀತಾನಾ? ನನಗೂ ಒಪ್ಪಿಗೆ ಆಗ್ತಿಲ್ಲ. ಇವತ್ತು ಮನೆಗೆ ಹೋಗಪ್ಪಾ. ಊರು ಬಿಡಬೇಡ. ನಾಳೆ ನೋಡೋಣ."

ಬಾಗಿಲಲ್ಲಿ ನೆರಳಾಡಿತು. ಸೊಸೆ ನಿಂತಿದ್ದಳು, ಅತ್ತು ಕೆಂಪಾದ ಕಣ್ಣು, ಕಂಕುಳಲ್ಲಿ ಗಂಡನ ಸ್ವೆಟರ್. ಲಾಕಪ್ಪಿನಲ್ಲಿ ಚಳಿಯಾದೀತು ಅಂತ ತಂದಿದ್ದಳಂತೆ. ಮನೆಗೆ ಹೋಗು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಸ್ವೆಟರನ್ನು ಎದೆಗೊತ್ತಿಕೊಂಡು ನಕ್ಕಳು. ಎಂಥವರಿಗೂ ಕರುಳು ಚುರ್ರೆನ್ನಬೇಕು, ಹಾಗೆ.

"ಬನ್ರೀ, ಹೋಗೋಣ," ಅಂದಳು. "ನೀವು ನಿನ್ನೆಯಿಂದ ಏನೂ ತಿಂದಿಲ್ಲ. ಎಲ್ಲ ಮಾಡಿಟ್ಟಿದ್ದೀನಿ."

ಪುಟ್ಟ ಕೈ ಒರೆಸಿಕೊಂಡು, ಕಟ್ಟಳೆಯಂತೆ ಹಿಡಿಯನ್ನು ಕಳಚಿಕೊಂಡು ಅವಳ ಕಡೆ ಹೊರಟ. ಅತ್ತೆ ಅವಳ ಬೆರಳುಗಳನ್ನು ನೋಡಿದರು. ಉಗುರು ಬೋಳು.

"ನಾನು ಕೊಟ್ಟ ಬಣ್ಣ ಹಚ್ಕೊಳ್ಳೇ ಇಲ್ವಲ್ಲಮ್ಮ ನೀನು," ಅಂದರು, ದನಿಯನ್ನು ಆದಷ್ಟೂ ಸಹಜವಾಗಿಟ್ಟುಕೊಂಡು.

"ಅಯ್ಯೋ, ಅದು ಆಗಲೇ ಮುಗೀತು ಅತ್ತೆ. ಶೀಸೆ ಎಸೆದುಬಿಟ್ಟೆ."

ಆ ಬಣ್ಣ ಅವಳ ಉಗುರಿನ ಮೇಲೆ ಒಂದು ದಿನವೂ ಯಾರಿಗೂ ಕಂಡಿರಲಿಲ್ಲ.

ಅತ್ತೆ ಲೆಕ್ಕ ಹಾಕಿದರು. ಬಿರಡೆ ತೋರಿಸಿದರೆ ಪುಟ್ಟ ಪೂರ್ತಿ ನಿರ್ದೋಷಿ. ಬಿಡುಗಡೆಯಾದವನು ಹೋಗುವುದು ಎಲ್ಲಿಗೆ? ಅವಳು ಮಾಡಿಟ್ಟ ಊಟದ ಮುಂದಕ್ಕೆ. ಹೆಂಡತಿಯ ಮೇಲೆ ಅರ್ಧ ಮಾತಾಡಿದರೂ ಅವನು ನಂಬುವವನಲ್ಲ. ಎಸೆದುಬಿಟ್ಟ ಶೀಸೆಯನ್ನು ನಂಬಿ ಇನ್ಸ್‌ಪೆಕ್ಟರ್ ಯಾರನ್ನೂ ಹಿಡಿಯುವವರಲ್ಲ. ಬೆಳಗಿನಿಂದ ಯಾವ ಲಾಕಪ್ಪಿನ ಬಾಗಿಲಿನಿಂದ ಅವನನ್ನು ಕಾಪಾಡಲು ಒದ್ದಾಡಿದ್ದರೋ, ಈಗ ಆ ಬಾಗಿಲೊಂದೇ ಅವನನ್ನು ಕಾಯುವಂತಿತ್ತು.

"ಸಾಹೇಬ್ರೆ," ಅಂದರು ಅತ್ತೆ. "ಇವನನ್ನ ಕರ್ಕೊಂಡು ಹೋಗಿ."

ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಳ್ಳುತ್ತಿದ್ದವರು ಹಾಗೇ ನಿಂತರು. "ಏನಂದ್ರಿ?"

"ತಪ್ಪು ಇವನದೇ. ಬಿರಡೆ ಬೇರೆ ಯಾರೂ ತೆಗೆದಿಲ್ಲ. ನಾನು ಭೂತಗನ್ನಡೀಲಿ ನೋಡಿದೆ. ಕರ್ಕೊಂಡು ಹೋಗಿ, ಒಬ್ಬನೇ ಇರೋ ಕೋಣೆಗೆ ಹಾಕಿ. ಊಟ ನಾನೇ ತರ್ತೀನಿ. ನನ್ನ ಕೈಯಿಂದ ಬಂದದ್ದು ಬಿಟ್ಟು ಬೇರೆ ಏನೂ ಕೊಡಬೇಡಿ."

"ಅತ್ತೆ?" ಅಂದ ಪುಟ್ಟ.

ಅವರು ಅವನ ಕಡೆ ನೋಡಲಿಲ್ಲ. ನೋಡಿದ್ದರೆ ನಿಲ್ಲಲು ಆಗುತ್ತಿರಲಿಲ್ಲ. ಹೊರಗೆ ಜೀಪಿನ ಬಳಿ ಕಾಯುತ್ತಿದ್ದ ಕಾನ್‌ಸ್ಟೇಬಲ್ ಒಳಗೆ ಬಂದು ಅವನ ಭುಜ ಹಿಡಿದ. ಹಿಡಿ ಕೈಯಿಂದ ಜಾರಿ ಸಿಮೆಂಟು ನೆಲದ ಮೇಲೆ ಠಣ್ಣೆಂದಿತು. ಅವನು ಹೋಗುತ್ತ ಹೋಗುತ್ತ ಮತ್ತೊಂದು ಸಲ ಅತ್ತೆ ಅಂದ. ಆಮೇಲೆ ಜೀಪಿನ ಬಾಗಿಲು ಹಾಕಿದ ಸದ್ದಾಯಿತು. ಬಾಮೈದನೂ ತಲೆ ತಗ್ಗಿಸಿಕೊಂಡು ಆಸ್ಪತ್ರೆಗೆ ಹೊರಟುಹೋದ.

ಗ್ಯಾರೇಜಿನಲ್ಲಿ ಇಬ್ಬರೇ ಉಳಿದರು. ಸೊಸೆ ಅಳಲಿಲ್ಲ. ಅವಳ ಕಣ್ಣು ಅತ್ತೆಯ ಮುಖ ಬಿಟ್ಟು ಕೆಳಗಿಳಿದು, ಅವರ ಕೈಯ ಸಾಸರಿನಲ್ಲಿದ್ದ ಬಿರಡೆಯ ಮೇಲೆ ನಿಂತಿತ್ತು.

"ಒಬ್ಬಳೇ ಇರೋಕೆ ನನಗೆ ಭಯ ಅತ್ತೆ," ಅಂದಳು ಮೆಲ್ಲಗೆ. "ಇವತ್ತು ನಿಮ್ಮ ಮನೇಲೇ ಮಲಗ್ತೀನಿ." ಹತ್ತಿರ ಬಂದು ಸಾಸರಿನ ಅಂಚು ಹಿಡಿದಳು. "ಇದನ್ನ ಕೊಡಿ, ತೊಳೆದಿಡ್ತೀನಿ."

ಅತ್ತೆ ಸಾಸರನ್ನು ಬಿಡಲಿಲ್ಲ. ಅವಳೂ ಬಿಡಲಿಲ್ಲ.